ಅಪ್‌ಡೇಟ್ ಆಯ್ತು, ಅಪ್ಪನ ಕನ್ನಡ ಹೋಯ್ತು!

ಇಲ್ಲಿ ಬರೆಯದೆ ಬಹಳ ದಿನಗಳಾದವು. ಮಾರ್ಚ್ ಕ್ಲೋಸಿಂಗ್, ಅದರ ಬೆನ್ನಿಗೇ ಆಡಿಟ್... ಬ್ಯಾಂಕಿನವರ ಗೋಳು ನಿಮಗೆ ಗೊತ್ತೇ ಇದೆ. ಇವತ್ತು ಕೂತದ್ದು ಒಂದು ತಪ್ಪೊಪ್ಪಿಗೆಗೆ. ಜೊತೆಗೆ ಒಂದು ಎಚ್ಚರಿಕೆಯ ಮಾತು ಹೇಳುವುದಕ್ಕೆ. ನಾನು ಕಂಪ್ಯೂಟರ್ ಓದಿದವನಲ್ಲ, ಬಿ.ಕಾಂ. ಮಾಡಿ ಮುಂಬಯಿಗೆ ಬಂದವನು. ಆದ್ದರಿಂದ ಕಂಪ್ಯೂಟರ್ ಬಲ್ಲವರು ನನ್ನ ವಿವರಣೆಯ ಸಣ್ಣಪುಟ್ಟ ಒರಟುತನವನ್ನು ಸಹಿಸಿಕೊಳ್ಳಬೇಕು.

ನನ್ನ ಅಪ್ಪ 1955ರಲ್ಲಿ, ಹದಿಮೂರನೇ ವಯಸ್ಸಿಗೆ, ಕಾರ್ಕಳದ ಕಡೆಯ ಹಳ್ಳಿಯಿಂದ ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತವರು. ಹಗಲು ಲೋಟ, ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆ. ಆ ಕಾಲದ ನಮ್ಮೂರ ಹುಡುಗರಲ್ಲಿ ಎಷ್ಟೋ ಜನರ ಕಥೆ ಇದೇ. 2007ರಲ್ಲಿ ಅವರು ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದಾಗ, ಸಂಜೆ ಹೊತ್ತು ಅವರು ಹೇಳುತ್ತಾ ಹೋದಂತೆ ನಾನು ಟೈಪು ಮಾಡತೊಡಗಿದೆ. ಅವರು ಹೇಳಿದ ಹಾಗೆಯೇ, ತಿದ್ದದೆ. 2009ರ ಹೊತ್ತಿಗೆ 41 ಪುಟ ಆಯಿತು. 2010ರಲ್ಲಿ ಅಪ್ಪ ಹೋದರು.

ಟೈಪು ಮಾಡಿದ್ದು ನುಡಿ ತಂತ್ರಾಂಶದಲ್ಲಿ. ಕಡತ ಮಾತ್ರ ಸಾದಾ ಟೆಕ್ಸ್ಟ್ ಫೈಲ್. ವರ್ಡ್ ಗಿರ್ಡ್ ಎಲ್ಲಾ ಬೇಡ, ಸಾದಾ ಫೈಲ್ ಯಾವ ಕಾಲಕ್ಕೂ ತೆರೆಯುತ್ತದೆ ಎಂದು ನನ್ನ ಲೆಕ್ಕಾಚಾರ! ಒಂದು ಪುಕ್ಕಟೆ ಎಡಿಟರ್ ಹಾಕಿಕೊಂಡು, ಅದರ ಫಾಂಟನ್ನು ನುಡಿಗೆ ಬದಲಿಸಿಟ್ಟಿದ್ದೆ. ಕಂಪ್ಯೂಟರ್ ಎರಡು ಮೂರು ಬದಲಾದರೂ ಆ ಎಡಿಟರ್, ಆ ಫಾಂಟ್, ಆ ಫೈಲ್ ನನ್ನ ಜೊತೆಗೇ ಬಂದವು. ಎಡಿಟರಿನ ಹೆಸರು ಬೇಡ. ಬೈಯುವುದು ಈ ಬರಹದ ಉದ್ದೇಶ ಅಲ್ಲ.

ಮೊನ್ನೆ ಒಂದು ಭಾನುವಾರ ಅದು ಅಪ್‌ಡೇಟ್ ಕೇಳಿತು. ಸರಿ ಎಂದೆ. ಸಂಜೆ ಅಪ್ಪನ ಫೈಲ್ ತೆರೆದರೆ ಪುಟ ತುಂಬಾ ಕಪ್ಪು ವಜ್ರದ ಆಕಾರದ ಚೌಕ, ಪ್ರತಿಯೊಂದರ ಒಳಗೂ ಒಂದು ಪ್ರಶ್ನೆ ಗುರುತು. ನಡುನಡುವೆ ಒಂದು 'ಕ', ಒಂದು 'ಡ', ಒಂದು 'ತ'. ಜಾತ್ರೆ ಮುಗಿದ ಮೇಲೆ ಗದ್ದೆಯಲ್ಲಿ ಅಲ್ಲೊಂದು ಇಲ್ಲೊಂದು ಚಪ್ಪಲಿ ಬಿದ್ದಿರುತ್ತದಲ್ಲ, ಹಾಗೆ.

ಫಾಂಟ್ ಹೋಗಿರಬೇಕು ಅಂದುಕೊಂಡೆ. ಏನೋ ಕೆಟ್ಟಿದೆ, ಮುಚ್ಚಿ ತೆರೆದರೆ ಸರಿಹೋದೀತು ಎಂದು, ಮುಚ್ಚುವ ಮೊದಲು ಅಭ್ಯಾಸಬಲದಿಂದ ಸೇವ್ ಒತ್ತಿದೆ. ಮೂವತ್ತು ವರ್ಷ ಬ್ಯಾಂಕಿನ ಸ್ಕ್ರೀನಿನ ಮುಂದೆ ಕೂತವನ ಚಾಳಿ ಅದು. ಎಡಿಟರ್ ಏನೂ ಕೇಳಲಿಲ್ಲ. "ಈ ಫೈಲ್ ನನಗೆ ಓದಲು ಬರುತ್ತಿಲ್ಲ, ಹೀಗೇ ಸೇವ್ ಮಾಡಲೇ?" ಎಂಬ ಒಂದು ಮಾತು? ಊಹೂಂ.

ಆಮೇಲೆ ಒಂದು ಗಂಟೆ ನಾನು ಮಾಡಿದ ರಿಪೇರಿಗಳ ಪಟ್ಟಿ ಕೇಳಿ. ನುಡಿ ಫಾಂಟನ್ನು ತೆಗೆದು ಮತ್ತೆ ಹಾಕಿದೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ವೈರಸ್ ಸ್ಕ್ಯಾನ್ ಓಡಿಸಿದೆ. ಎಡಿಟರನ್ನೇ ಕಿತ್ತು ಹೊಸದಾಗಿ ಹಾಕಿದೆ. ಇಷ್ಟೂ ಸಾಲದು ಎಂಬಂತೆ, ಯಾವುದಕ್ಕೂ ಇರಲಿ ಎಂದು ಆ ಫೈಲನ್ನು ಪೆನ್ ಡ್ರೈವಿಗೆ ಕಾಪಿ ಮಾಡಿದೆ. ಅಲ್ಲಿ ಹಳೆಯ ಕಾಪಿ ಇತ್ತು, "ರೀಪ್ಲೇಸ್ ಮಾಡಲೇ" ಎಂದು ಕೇಳಿತು, ಹೌದು ಎಂದೆ! ಅಲ್ಲಿಗೆ ಒಳ್ಳೆಯ ಬ್ಯಾಕಪ್ಪಿನ ಮೇಲೆ ಹಾಳಾದ ಫೈಲನ್ನು ನನ್ನ ಕೈಯಾರೆ ಕೂರಿಸಿದಂತಾಯಿತು.

ಕೊನೆಗೆ ತಂಗಿಯ ಮಗನಿಗೆ ಫೋನ್ ಮಾಡಿದೆ. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ನಾನು ಹೇಳಿದ್ದನ್ನೆಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ:

"ಮಾವ, ಸೇವ್ ಮಾಡಿದಿರಾ?"

ಮಾಡಿದೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಡಾಕ್ಟರು ಎಕ್ಸ್‌ರೇ ನೋಡಿ ಸುಮ್ಮನಾದರೆ ಹೇಗಾಗುತ್ತದೋ ಹಾಗಾಯಿತು ನನಗೆ.

ಅವನು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ನಿಮ್ಮಲ್ಲಿ ಹಲವರ ಕಂಪ್ಯೂಟರಿನಲ್ಲಿ ಇದೇ ಕಾಯಿಲೆ ಅಡಗಿ ಕೂತಿರಬಹುದು.

ಹಳೆಯ ಪದ್ಧತಿಯಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್. ಒಂದು ಬೈಟಿನಲ್ಲಿ 256 ಸಂಕೇತಕ್ಕೆ ಮಾತ್ರ ಜಾಗ. ಮೊದಲ 128 ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ. ಉಳಿದವು ಯುರೋಪಿನ ಭಾಷೆಗಳ ಗೀಟು ಚುಕ್ಕೆಯ ಅಕ್ಷರಗಳಿಗೆ. ಕನ್ನಡಕ್ಕೆ ಅಲ್ಲಿ ಸೀಟೇ ಇಲ್ಲ. ಹಾಗಾಗಿ ನಮ್ಮವರು ಒಂದು ಉಪಾಯ ಮಾಡಿದರು. ಆ 256 ಕುರ್ಚಿಗಳಲ್ಲಿ ಇಂಗ್ಲಿಷ್, ಫ್ರೆಂಚ್, ಜರ್ಮನ್ ಅಕ್ಷರಗಳೇ ಕೂತಿರಲಿ, ಅವುಗಳ ಮುಖಕ್ಕೆ ಕನ್ನಡದ ಮುಖವಾಡ ಹಾಕೋಣ ಎಂದು. ಆ ಮುಖವಾಡವೇ ಫಾಂಟ್. ನಮಗೆ ಕಾಣುವುದು ಕನ್ನಡ, ಕಂಪ್ಯೂಟರಿನ ಒಳಗಿರುವುದು ಇಂಗ್ಲಿಷ್ ಮತ್ತು ಚಿಲ್ಲರೆ ಚಿಹ್ನೆಗಳು.

ನುಡಿಯಲ್ಲಿ 'ಕನ್ನಡ' ಎಂದು ಟೈಪು ಮಾಡಿ ಫಾಂಟ್ ಬದಲಿಸಿ ನೋಡಿ. ಮೊದಲು ಒಂದು ದೊಡ್ಡ ಪಿ. ನಂತರ ತಲೆಯ ಮೇಲೆ ಓರೆ ಗೀಟು ಹಾಕಿದ ಎ. ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ. ಮತ್ತೆ ಅದೇ ಗೀಟಿನ ಎ. ಜರ್ಮನ್ ಭಾಷೆಯ ಜೋಡಿ ಎಸ್ಸು. ಸಣ್ಣ ಕ್ಯೂ. ಕೊನೆಗೆ ಮತ್ತೊಂದು ಗೀಟಿನ ಎ. ಒಟ್ಟು ಏಳು. ಫಾರಿನ್ ಎಕ್ಸ್‌ಚೇಂಜ್ ವಿಭಾಗದಲ್ಲಿ ನಾಲ್ಕು ವರ್ಷ ಕೂತವನು ನಾನು. ನನ್ನ ಭಾಷೆಯ 'ನ' ಇಷ್ಟು ವರ್ಷ ಪೌಂಡ್ ಆಗಿತ್ತು, 'ಪ' ಜಪಾನಿನ ಯೆನ್ ಆಗಿತ್ತು ಎಂದು ಗೊತ್ತಾದದ್ದು ಈಗ!

ಇನ್ನು ಅಪ್‌ಡೇಟಿನ ವಿಷಯ. ಹಳೆಯ ಎಡಿಟರ್ ಫೈಲನ್ನು ಒಂದು ಬೈಟಿನ ಪದ್ಧತಿಯಲ್ಲಿ ಓದುತ್ತಿತ್ತು. ಹೊಸದು ಎಲ್ಲವನ್ನೂ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಓದತೊಡಗಿತು. ಇದು 1992ರಲ್ಲಿ ಬಂದದ್ದು, ಒಳ್ಳೆಯ ಪದ್ಧತಿಯೇ. ಇದರಲ್ಲಿ ಮೊದಲ 128 ಸಂಕೇತಗಳು ಹಿಂದಿನಂತೆ ಒಂದೇ ಬೈಟ್. ಅದರಾಚೆಯವು ಎರಡು, ಮೂರು, ನಾಲ್ಕು ಬೈಟುಗಳ ಗುಂಪಾಗಿ, ನಿಯಮದ ಪ್ರಕಾರ ಸಾಲಾಗಿ ಬರಬೇಕು. ನಿಜವಾದ ಕನ್ನಡ ಅಕ್ಷರಕ್ಕೆ ಮೂರು ಬೈಟ್. ನಮ್ಮ ಮುಖವಾಡದ ಪೌಂಡು, ಯೆನ್ನು, ಗೀಟಿನ ಎಗಳು ಒಂಟಿ ಬೈಟುಗಳು, ಗುಂಪಿಲ್ಲದವು. ಅಂಥ ಪ್ರತಿಯೊಂದನ್ನೂ "ಇದು ಅಕ್ಷರವೇ ಅಲ್ಲ" ಎಂದು ತೀರ್ಮಾನಿಸಿ ಎಡಿಟರ್ ಅದರ ಜಾಗದಲ್ಲಿ ಪ್ರಶ್ನೆ ಗುರುತಿನ ಚೌಕ ತೋರಿಸಿತು. ಅಲ್ಲಿಯವರೆಗೂ ಏನೂ ಹಾಳಾಗಿರಲಿಲ್ಲ, ಫೈಲ್ ಡಿಸ್ಕಿನಲ್ಲಿ ಹಾಗೇ ಇತ್ತು. ಸೇವ್ ಮಾಡಿದಾಗ ಆ ಚೌಕಗಳೇ ಫೈಲಿನಲ್ಲಿ ಕೂತವು. ಪೌಂಡಿಗೂ ಅದೇ ಚೌಕ, ಯೆನ್ನಿಗೂ ಅದೇ ಚೌಕ. ಯಾವುದು ಯಾವುದಾಗಿತ್ತು ಎಂದು ಇನ್ನು ಬ್ರಹ್ಮನೂ ಹೇಳಲಾರ.

ಇಂಗ್ಲಿಷ್ ಅಕ್ಷರದ ಮೇಲೆ ಕೂತಿದ್ದ ಕ, ಗ, ಚ, ಟ, ಡ, ತ, ದ, ರ ಉಳಿದವು. ನ, ಪ, ಬ, ಮ, ಲ, ವ, ಶ, ಸ, ಹ ಹೋದವು. ಕಾಗುಣಿತದ ಗುರುತುಗಳು, ಒತ್ತುಗಳು ಬಹುತೇಕ ಹೋದವು. ಮುಂಬಯಿ ಎಂದು ಬರೆದ ಕಡೆಯೆಲ್ಲಾ ಉಳಿದದ್ದು ನಡುವಿನ ಸೊನ್ನೆ ಒಂದೇ. ಐವತ್ತು ವರ್ಷ ಈ ಊರಲ್ಲಿ ದುಡಿದ ಅಪ್ಪ ಇದ್ದಿದ್ದರೆ, "ಸರಿಯಾಗಿಯೇ ಇದೆ ಬಿಡು" ಎಂದು ನಗುತ್ತಿದ್ದರು!

ಪುಣ್ಯಕ್ಕೆ ಒಂದು ಕೆಲಸ ಆಗಿತ್ತು. 2008ರಲ್ಲಿ ಮೊದಲ 35 ಪುಟಗಳ ಫೈಲನ್ನು ತಂಗಿಗೆ ಈಮೇಲಿನಲ್ಲಿ ಕಳಿಸಿದ್ದೆ. ಅಳಿಯ ಅದನ್ನು ಹುಡುಕಿ ತೆಗೆದ. ಬೈಟುಗಳು ಇದ್ದ ಹಾಗೇ ಇದ್ದವು. 35 ಪುಟ ಬದುಕಿತು. ಕೊನೆಯ ಆರು ಪುಟಕ್ಕೆ ಮಾತ್ರ ಬೇರೆ ಕಾಪಿ ಇಲ್ಲ, ಪ್ರಿಂಟೂ ಇಲ್ಲ.

ಈಗ ರಾತ್ರಿ ಊಟ ಆದ ಮೇಲೆ ನಾನು ಇಲ್ಲಿ, ತಂಗಿ ಉಡುಪಿಯಲ್ಲಿ, ಫೋನ್ ಹಿಡಿದುಕೊಂಡು ಚೌಕ ಎಣಿಸುತ್ತೇವೆ. 'ಅ' ಆದ ಮೇಲೆ ಮೂರು ಚೌಕ ಇದ್ದರೆ ಅಪ್ಪ. ನಾಲ್ಕಿದ್ದರೆ ಅಮ್ಮ. ಒಂದು ವಿಚಿತ್ರ ನೋಡಿ. 'ಮ' ಆದ ಮೇಲೆ 'ನ' ಬಂದ ಕಡೆ, ಮಧ್ಯದ ಎರಡು ಬೈಟುಗಳು ಆಕಸ್ಮಿಕವಾಗಿ ಹೊಸ ಪದ್ಧತಿಯ ಒಂದು ಸರಿಯಾದ ಗುಂಪು ಆಗಿಬಿಡುತ್ತವೆ. ಅಲ್ಲಿ ಚೌಕದ ಬದಲು ಲಾಟ್ವಿಯಾ ದೇಶದ ಭಾಷೆಯ ಒಂದು ಜಿ ಅಕ್ಷರ ಕಾಣುತ್ತದೆ. ಹಾಗಾಗಿ 'ಮನೆ' ಎಂಬ ಪದ ಎಲ್ಲೆಲ್ಲಿತ್ತೋ ಗುರುತು ಸಿಗುತ್ತಿದೆ. ತಂಗಿ ಹೇಳಿದಳು, "ಅಣ್ಣಾ, ಮನೆಯಾದರೂ ಉಳಿಯಿತಲ್ಲ."

ಎಲ್ಲವೂ ಹಾಗೆ ಸಿಗುವುದಿಲ್ಲ. ಒಂದು ಕಡೆ ಅಪ್ಪ ದೊಡ್ಡಪ್ಪನ ಬಗ್ಗೆ ಹೇಳಿದ್ದಾರೆ. ಅಣ್ಣನಿಗೆ, ಆಮೇಲೆ ನಾಲ್ಕು ಚೌಕ, ಆಮೇಲೆ ಸಿಗಲಿಲ್ಲ. ಅದು ಅವನಿಗೆ ಕೊನೆಯವರೆಗೂ ಇತ್ತು, ಎಂದು ಮುಂದೆ. ನಾಲ್ಕು ಚೌಕ ಎಂದರೆ 'ಶಾಲೆ' ಆಗಬಹುದು. 'ಪಾಲು' ಕೂಡ ಆಗಬಹುದು! ಎರಡಕ್ಕೂ ನಾಲ್ಕೇ ಬೈಟ್. ತಂಗಿ ಶಾಲೆ ಅನ್ನುತ್ತಾಳೆ. ದೊಡ್ಡಪ್ಪ ಮೂರನೇ ಕ್ಲಾಸಿಗೇ ಬಿಟ್ಟವರು, ಅದು ನಿಜ. ಆದರೆ ಜಾಗದ ಪಾಲಿನ ವಿಷಯದಲ್ಲಿ ನಮ್ಮ ಮನೆಗೂ ದೊಡ್ಡಪ್ಪನ ಮನೆಗೂ ಹತ್ತು ವರ್ಷ ಮಾತಿರಲಿಲ್ಲ, ಅದೂ ನಿಜ. ಟೈಪು ಮಾಡಿದವನು ನಾನೇ, ನನಗೇ ನೆನಪಿಲ್ಲ. ಅಪ್ಪ ಅವತ್ತು ಒಪ್ಪಿಕೊಂಡದ್ದು ಏನನ್ನು? ನಮ್ಮ ಬ್ಯಾಂಕಿನಲ್ಲಿ ಯಾರ ಖಾತೆಗೆ ಎಂದು ತಿಳಿಯದ ಹಣವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೇವೆ. ಆ ಪದವನ್ನೂ ಅಲ್ಲೇ ಇಟ್ಟಿದ್ದೇನೆ. ನನಗೆ ಅನುಕೂಲವಾದ ಪದ ತುಂಬಿಸಿ ಟ್ಯಾಲಿ ಮಾಡಿದರೆ ಅದು ಅಪ್ಪನ ಮಾತು ಆಗುವುದಿಲ್ಲ.

ಸರಿ, ತಪ್ಪು ಯಾರದ್ದು?

ಎಡಿಟರ್ ಮಾಡಿದವರದ್ದು ಇದೆ. ಬ್ಯಾಂಕಿನಲ್ಲಿ ಬಡ್ಡಿ ದರ ಕಾಲು ಪರ್ಸೆಂಟ್ ಬದಲಾದರೂ ಗ್ರಾಹಕರಿಗೆ ತಿಳಿಸುತ್ತೇವೆ. ಫೈಲನ್ನು ಓದುವ ರೀತಿಯನ್ನೇ ಬದಲಿಸುವಾಗ ಒಂದು ಸಾಲಿನ ಎಚ್ಚರಿಕೆ ಕೊಡಬಾರದೇ? ತನಗೆ ಓದಲು ಬಾರದ ಫೈಲಿನ ಮೇಲೆ ಬರೆಯುವ ಮೊದಲು ಕೇಳಬಾರದೇ? ಲೆಡ್ಜರ್ ಓದಲು ಬಾರದ ಗುಮಾಸ್ತ ಲೆಡ್ಜರ್ ತಿದ್ದಿದರೆ ಮೆಮೋ ಕೊಡುತ್ತೇವೆ.

ಹಾಗೆಂದು "ಅಪ್‌ಡೇಟೇ ಮಾಡಬೇಡಿ" ಎಂದು ನಾನು ಹೇಳಲಾರೆ. ನಮ್ಮ ಸಂಘದ ಹಿರಿಯರೊಬ್ಬರು ಹೇಳುವುದು ಅದನ್ನೇ. ಹಳೇ ಕಂಪ್ಯೂಟರ್, ಹಳೇ ನುಡಿ, ಇಂಟರ್‌ನೆಟ್ ಇಲ್ಲ, ಯಾವ ತೊಂದರೆಯೂ ಇಲ್ಲ ಎಂದು. ಆದರೆ ಹಳೇ ಕಂಪ್ಯೂಟರಿನ ಡಿಸ್ಕ್ ಹೋದ ದಿನ? ಅಲ್ಲದೆ, ಅಪ್‌ಡೇಟ್ ಮಾಡದಿದ್ದರೆ ಕಳ್ಳರಿಗೆ ಬಾಗಿಲು ತೆರೆದಿಟ್ಟ ಹಾಗೆ ಎಂದು ದಿನಾ ಗ್ರಾಹಕರಿಗೆ ಹೇಳುವವನು ನಾನೇ.

ನಿಜ ಹೇಳಬೇಕೆಂದರೆ ದೊಡ್ಡ ತಪ್ಪು ನನ್ನದು, ನನ್ನಂಥವರದ್ದು. ಮುಖವಾಡದ ಕನ್ನಡ ಒಂದು ಕಾಲಕ್ಕೆ ಬೇಕಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂದಿರದಿದ್ದರೆ, ಕೆ.ಪಿ. ರಾಯರ ವಿನ್ಯಾಸ ಆಧರಿಸಿದ ಕೀಲಿಮಣೆಯ ನುಡಿಯನ್ನು ಕನ್ನಡ ಗಣಕ ಪರಿಷತ್ತು ಕೊಟ್ಟಿರದಿದ್ದರೆ, ನನ್ನಂಥವನು ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ಆ ಋಣ ಮರೆಯುವಂಥದ್ದಲ್ಲ. ಆದರೆ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿದ್ದು 1991ರಲ್ಲೇ. 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಫಾಂಟ್ ಬಂತು. ಬರಹ, ನುಡಿಯ ನಂತರದ ಆವೃತ್ತಿಗಳಲ್ಲೂ ಯೂನಿಕೋಡ್ ಬಂತು. ಈ ಬ್ಲಾಗನ್ನು ನಾನು ಬರೆಯುತ್ತಿರುವುದೂ ಯೂನಿಕೋಡಿನಲ್ಲೇ! ಹೊಸದನ್ನೆಲ್ಲಾ ಹೊಸ ಮನೆಯಲ್ಲಿಟ್ಟು, ಹಳೆಯದನ್ನು ಬಾಡಿಗೆ ಮನೆಯಲ್ಲೇ ಬಿಟ್ಟಿದ್ದೆ. ನಡೀತಾ ಇದೆಯಲ್ಲ, ನೋಡೋಣ, ರಿಟೈರ್ ಆದ ಮೇಲೆ ಮಾಡಿದರಾಯ್ತು...

ನಮ್ಮ ಶಾಖೆ ಕೋರ್ ಬ್ಯಾಂಕಿಂಗಿಗೆ ಹೋದಾಗ ಹಳೆಯ ಲೆಕ್ಕವನ್ನು ಹೀಗೆ ಬಿಟ್ಟೆವೇ? ಪ್ರತಿಯೊಂದು ಖಾತೆಯ ಬಾಕಿಯನ್ನು ಹೊಸದಕ್ಕೆ ತಂದು, ಹಳೆಯದರ ಜೊತೆ ತಾಳೆ ನೋಡಿ, ಪೈಸೆ ವ್ಯತ್ಯಾಸ ಇದ್ದರೂ ರಾತ್ರಿ ಹನ್ನೊಂದರವರೆಗೆ ಕೂತು ಹುಡುಕಿದೆವು. ಜನರ ದುಡ್ಡಿಗೆ ಕೊಟ್ಟ ಮರ್ಯಾದೆಯನ್ನು ಅಪ್ಪನ ಮಾತಿಗೆ ನಾನು ಕೊಡಲಿಲ್ಲ. ನನ್ನ ಸಂಕಟ ಇರುವುದು ಇಲ್ಲಿ.

ನಿಮ್ಮ ಮನೆಯಲ್ಲೂ ಇಂಥ ಫೈಲ್ ಇದ್ದರೆ, ನಾನು ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಫೈಲ್ ತೆರೆದಾಗ ಪ್ರಶ್ನೆ ಗುರುತಿನ ಚೌಕ ಕಂಡರೆ ಸೇವ್ ಒತ್ತಬೇಡಿ. ಸೇವ್ ಮಾಡದೆ ಮುಚ್ಚಿ. ಎಡಿಟರಿನಲ್ಲಿ ಆಟೋ ಸೇವ್ ಇದ್ದರೆ ಮೊದಲು ಅದನ್ನು ನಿಲ್ಲಿಸಿ.

ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಕಾಪಿ ಮಾಡಿ, ಏನು ಮಾಡುವುದಿದ್ದರೂ ಕಾಪಿಯ ಮೇಲೆ ಮಾಡಿ. ಬ್ಯಾಕಪ್ ಇಡುವಾಗ ಹಳೆಯದರ ಮೇಲೆ ಹೊಸದನ್ನು ಹಾಕಬೇಡಿ, ಹೆಸರಿನಲ್ಲಿ ತಾರೀಕು ಸೇರಿಸಿ ಬೇರೆಯಾಗಿಯೇ ಇಡಿ.

ಎಡಿಟರಿನಲ್ಲಿ 'ಎನ್‌ಕೋಡಿಂಗ್' ಎಂಬ ಆಯ್ಕೆ ಹುಡುಕಿ. ಅದರಲ್ಲಿ ಆನ್ಸಿ ಅಥವಾ ವಿಂಡೋಸ್-1252 ಆರಿಸಿ ಮತ್ತೆ ತೆರೆಯಿರಿ. ಪೌಂಡು, ಯೆನ್ನು, ಗೀಟಿನ ಎ ಕಂಡರೆ ದೇವರು ದೊಡ್ಡವನು, ನಿಮ್ಮ ಕನ್ನಡ ಬದುಕಿದೆ! ನುಡಿ ಫಾಂಟ್ ಹಾಕಿದರೆ ಓದಲೂ ಬರುತ್ತದೆ.

ಅಷ್ಟಕ್ಕೇ ನಿಲ್ಲಿಸಬೇಡಿ. ಕನ್ನಡದ ಸ್ವಯಂಸೇವಕರು ಮಾಡಿಟ್ಟ ಉಚಿತ ಆಸ್ಕಿ-ಯೂನಿಕೋಡ್ ಪರಿವರ್ತಕಗಳು ಇಂಟರ್‌ನೆಟ್ಟಿನಲ್ಲಿವೆ, ಅವುಗಳಿಂದ ಯೂನಿಕೋಡಿಗೆ ಬದಲಿಸಿ. ನುಡಿಗೂ ಬರಹಕ್ಕೂ ಸಂಕೇತಗಳು ಒಂದೇ. ಶ್ರೀಲಿಪಿ, ಆಕೃತಿಗಳ ಸಂಕೇತ ಬೇರೆ, ಅವಕ್ಕೆ ಬೇರೆ ಪರಿವರ್ತಕ ಬೇಕು. ಬದಲಿಸಿದ ಮೇಲೆ ಹಳೆಯದನ್ನು ಪಕ್ಕದಲ್ಲಿಟ್ಟು ಸಾಲು ಸಾಲು ತಾಳೆ ನೋಡಿ. ಅರ್ಕಾವತ್ತು ಬಂದ ಕಡೆ, ಮಧ್ಯದಲ್ಲಿ ಇಂಗ್ಲಿಷ್ ಪದ ಬಂದ ಕಡೆ ಎಡವಟ್ಟಾಗುವ ಸಂಭವ ಹೆಚ್ಚು. ತಾಳೆ ಆದ ಮೇಲೂ ಹಳೆಯ ಫೈಲ್ ಎಸೆಯಬೇಡಿ.

ಹೀಗೆ ಬದಲಿಸಿದರೆ ಇನ್ನೂ ಒಂದು ಲಾಭ ಇದೆ. ಮುಖವಾಡದ ಕನ್ನಡವನ್ನು ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಹೊಡೆದು ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಬರೀ ಪೌಂಡು, ಯೆನ್ನು. ಯೂನಿಕೋಡಿಗೆ ಬಂದರೆ ಅಪ್ಪನ 35 ಪುಟ ಮೊಮ್ಮಕ್ಕಳ ಮೊಬೈಲಿನಲ್ಲೂ ತೆರೆಯುತ್ತದೆ. ನಮ್ಮದು ತೆರೆದಿದೆ. ಅಳಿಯ ರೈಲಿನಲ್ಲಿ ಕೂತು ಓದಿದನಂತೆ.

ಇದು ಒಬ್ಬನ ಮನೆಯ ಮಾತಲ್ಲ. ಮುಂಬಯಿ, ಪುಣೆ, ಚೆನ್ನೈ, ದೆಹಲಿ, ಎಲ್ಲಿಯ ಕನ್ನಡ ಸಂಘದ ಕಪಾಟು ತೆರೆದರೂ ಸ್ಮರಣ ಸಂಚಿಕೆಗಳ ಸಿಡಿಗಳು ಸಿಗುತ್ತವೆ. ನಾಟಕದ ಸ್ಕ್ರಿಪ್ಟು, ತೀರಿಹೋದ ಹಿರಿಯರ ಭಾಷಣ, ರಾತ್ರಿ ಶಾಲೆಗಳ ನೆನಪು... ಬಹುಪಾಲು ಮುಖವಾಡದ ಕನ್ನಡವೇ. ಹೊರನಾಡಿನಲ್ಲಿ ನಾವು ಹೇಗೆ ಬದುಕಿದೆವು ಎಂಬುದಕ್ಕೆ ನಮ್ಮ ಕೈಯಲ್ಲಿರುವ ಕಾಗದಪತ್ರ ಅದು. ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ. ರಾಜ್ಯೋತ್ಸವದ ಶಾಮಿಯಾನಕ್ಕೆ ಎತ್ತಿಡುವ ದುಡ್ಡಿನಲ್ಲಿ ಸ್ವಲ್ಪ ಇದಕ್ಕೂ ಇಡೋಣ, ಸಿಡಿ ಓದುವ ಡ್ರೈವುಗಳು ಇನ್ನೂ ಕೈಗೆ ಸಿಗುವಾಗಲೇ. ಅದಕ್ಕಿಂತ ಮುಖ್ಯವಾಗಿ, "ಇಲ್ಲಿ ಇಂಥ ಪದ ಇತ್ತು" ಎಂದು ನೆನಪಿನಿಂದ ಹೇಳಬಲ್ಲವರು ಇನ್ನೂ ಇರುವಾಗಲೇ.

ಆರು ಪುಟಗಳಲ್ಲಿ ಎರಡು ಮುಕ್ಕಾಲು ಆಗಿದೆ. ಇವತ್ತು ರಾತ್ರಿ ಒಂಬತ್ತೂವರೆಗೆ ತಂಗಿ ಫೋನ್ ಮಾಡುತ್ತಾಳೆ. ಅಷ್ಟರೊಳಗೆ ಊಟ ಮುಗಿಸಬೇಕು.

ನೀವೂ ಒಮ್ಮೆ ನಿಮ್ಮ ಹಳೆಯ ಫೈಲುಗಳನ್ನು ತೆರೆದು ನೋಡಿ. ಸೇವ್ ಮಾತ್ರ ಒತ್ತಬೇಡಿ!